ಕತ್ತರಿಸಿದಷ್ಟೂ ಚೆಂದದ ಬೆಟ್ಟ

ರಾಮನಗರದಲ್ಲಿ ಮೂವತ್ತು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನನಗೆ ಭೂದೃಶ್ಯ ಛಾಯಾಗ್ರಹಣದಲ್ಲಿರುವ ಅಧಿಕಾರವನ್ನು ಯಾರೂ ಪ್ರಶ್ನಿಸಲಾರರು. ನನ್ನ ಅಂಗಡಿಯ ಹಿಂಗೋಡೆಯ ಕಿಟಕಿ ತೆಗೆದರೆ ರಾಮದೇವರ ಬೆಟ್ಟ ಎದುರಿಗೇ ಕಾಣುತ್ತಿತ್ತು. ಅಂಗಡಿ ಹಾಕಿದ ಮೊದಲನೇ ವಾರದಲ್ಲೇ ಆ ಕಿಟಕಿಗೆ ಹಲಗೆ ಹೊಡೆಸಿ, ಅದರ ಮೇಲೆ ಹಿಮದ ಶಿಖರ, ನೀಲಿ ಸರೋವರ, ಎರಡು ಹಂಸ ಮತ್ತು ಹೊಗೆಗೂಡಿನ ಮನೆಯೊಂದಿರುವ ಪರದೆ ಇಳಿಬಿಟ್ಟೆ. ಈ ಸೀಮೆಯ ಎರಡು ತಲೆಮಾರಿನ ಮದುಮಕ್ಕಳು ಆ ಹಂಸಗಳ ಮುಂದೆ ನಿಂತು ಹೋಗಿದ್ದಾರೆ. ಬೆಟ್ಟದ ಮುಂದೆ ನಿಲ್ಲಿಸಿ ತೆಗೀರಿ ಎಂದವರು ಒಬ್ಬರೂ ಇಲ್ಲ. ಒಮ್ಮೆ ನಾನೇ ಬಾಯಿಬಿಟ್ಟು ಕೇಳಿದ್ದಕ್ಕೆ ಮದುವೆ ಗಂಡಿನ ಚಿಕ್ಕಪ್ಪ, "ಬೆಟ್ಟ ಏನ್ಸಾ, ಎದ್ರೆ ಬಿದ್ರೆ ಅದೇ ಅಲ್ವಾ, ದುಡ್ ಕೊಟ್ ಬೇರೆ ತೆಗುಸ್ಬೇಕಾ" ಎಂದರು. ಭೂದೃಶ್ಯದ ಮೊದಲ ಪಾಠ ನನಗೆ ಸಿಕ್ಕಿದ್ದು ಅವರಿಂದ.

ಈಗ ಕಾಲ ತಿರುಗಿದೆ. ಶನಿವಾರ ಕೋಳಿ ಕೂಗುವ ಮುಂಚೆ ಬೆಂಗಳೂರು ಬಿಟ್ಟ ಕಾರುಗಳು ಹೊತ್ತು ಹುಟ್ಟುವಷ್ಟರಲ್ಲಿ ನಮ್ಮ ಬೆಟ್ಟಗಳ ಬುಡದಲ್ಲಿರುತ್ತವೆ. ಇಳಿದವರ ಬೆನ್ನಿಗೆ ಲಕ್ಷಗಟ್ಟಲೆ ಬೆಲೆಯ ಚೀಲ, ಹೆಗಲಿಗೆ ಟ್ರೈಪಾಡ್, ಕೈಯಲ್ಲಿ ಬಿಡದಿಯ ತಟ್ಟೆ ಇಡ್ಲಿಯ ಪೊಟ್ಟಣ. ತೆಗೆದದ್ದನ್ನು ದೊಡ್ಡದು ಮಾಡಿಸಲು ಕೆಲವರು ನನ್ನಲ್ಲಿಗೆ ಬರುತ್ತಾರೆ. ಎಲ್ಲರದೂ ಒಂದೇ ಕೊರಗು: ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಬೆಟ್ಟ ಫೋಟೋದಲ್ಲಿ ರಾಗಿ ಮುದ್ದೆಯಷ್ಟಾಗಿದೆ, ಅದರ ಸುತ್ತ ಏನೇನೋ ಬಂದು ಕೂತಿದೆ. ಅವರೆಲ್ಲರ ಉಪಯೋಗಕ್ಕಾಗಿ ನನ್ನ ಅನುಭವವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಭೂದೃಶ್ಯದಲ್ಲಿ ಕೆಲಸವೆಲ್ಲ ತೆಗೆದುಹಾಕುವುದರಲ್ಲೇ ಇದೆ. ತೆಗೆದ ಮೇಲೂ ಉಳಿದುಕೊಂಡದ್ದಕ್ಕೆ ಫೋಟೋ ಎನ್ನುತ್ತಾರೆ.

ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಮೂಲಗ್ರಂಥ ಇಲ್ಲವೆಂದು ಕೊರಗುವವರಿದ್ದಾರೆ. ಮೂಲಸೂತ್ರ ಇದೆ: ದೂರದ ಬೆಟ್ಟ ನುಣ್ಣಗೆ. ಮೂರೇ ಪದದಲ್ಲಿ ಲೆನ್ಸು, ದೂರ, ಹವೆ ಮೂರನ್ನೂ ಹೇಳಿ ಮುಗಿಸಿದ ಸೂತ್ರ ಇದು. ಹಿರಿಯರು ಹೇಳದೆ ಬಿಟ್ಟದ್ದು ಒಂದೇ, ದೂರ ಎಂದರೆ ಎಷ್ಟು ದೂರ. ಅದನ್ನು ನಾನು ಸ್ಕೂಟರಿನ ಮೀಟರು ನೋಡಿಕೊಂಡು ಅಳೆದಿದ್ದೇನೆ. ನೂರು ಮೀಟರಿನಲ್ಲಿ ನಮ್ಮ ಬಂಡೆಯ ಮೇಲೆ ಸುಣ್ಣದಲ್ಲಿ ಬರೆದ ಪ್ರೇಮಿಗಳ ಹೆಸರು ಓದಬಹುದು. ಅರ್ಧ ಕಿಲೋಮೀಟರಿನಲ್ಲಿ ಹೆಸರು ಹೋಗಿ ಹೃದಯದ ಗುರುತು ಉಳಿಯುತ್ತದೆ. ಎರಡು ಕಿಲೋಮೀಟರಿಗೆ ಅದೂ ಕರಗಿ, ಬಂಡೆ ಈಗ ತಾನೇ ಮಿಂದು ಬಂದಂತೆ ಕಾಣುತ್ತದೆ. ಇನ್ನೂ ಹಿಂದೆ ಸರಿದರೆ ಧೂಳು ಮಂಜಾಗುವ ಘಟ್ಟ ಬರುತ್ತದೆ. ಜಲ್ಲಿ ಕ್ರಷರ್ ಬೆಳಗಿನ ಪಾಳಿ ಶುರು ಮಾಡಿದ ಅರ್ಧ ಗಂಟೆಗೆ ಬೆಟ್ಟದ ಸೊಂಟಕ್ಕೆ ಬಿಳಿಯ ಪಟ್ಟಿಯೊಂದು ಸುತ್ತಿಕೊಳ್ಳುತ್ತದೆ. ಅದಕ್ಕಾಗಿ ಜನ ಕೊಡಚಾದ್ರಿ, ಮುಳ್ಳಯ್ಯನಗಿರಿಯವರೆಗೆ ಪೆಟ್ರೋಲು ಸುಡುತ್ತಾರೆ. ನಮ್ಮಲ್ಲಿ ವಾರಕ್ಕೆ ಆರು ದಿನ ಸಿಗುತ್ತದೆ. ಭಾನುವಾರ ಕ್ರಷರಿಗೆ ರಜೆ, ಅಂದು ಮಂಜು ಇರುವುದಿಲ್ಲ.

ಇನ್ನು ಮೂರನೇ ಒಂದರ ನಿಯಮ. ಚೌಕಟ್ಟಿಗೆ ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆ ಎಳೆದು ಒಂಬತ್ತು ಮನೆ ಮಾಡಿ, ಮುಖ್ಯವಾದದ್ದನ್ನು ಗೆರೆಗಳು ಕೂಡುವ ಕಡೆ ಕೂರಿಸಬೇಕು, ನಡುಮಧ್ಯಕ್ಕೆ ಬಿಡಬಾರದು ಎಂಬುದು ಇದರ ಸಾರ. ಲಂಡನ್ನಿನ ಕೆತ್ತನೆಗಾರ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಹಳ್ಳಿಗಾಡಿನ ದೃಶ್ಯಗಳ ಮೇಲೆ ಬರೆದ ಪುಸ್ತಕದಲ್ಲಿ ಇದಕ್ಕೆ ಹೆಸರಿಟ್ಟ. ಆದರೆ ಪ್ರಯೋಗ ಅದಕ್ಕೂ ಮುಂಚೆ ನಮ್ಮ ನೆಲದಲ್ಲೇ ನಡೆದುಹೋಗಿತ್ತು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗವನ್ನು ಹಿಡಿಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ರಾಜ್ಯದ ಅರ್ಧ ಕತ್ತರಿಸಿದರು. ಆ ಅರ್ಧವನ್ನು ಕಂಪನಿ, ನಿಜಾಮ, ಮರಾಠರು ಮೂರು ಪಾಲು ಮಾಡಿಕೊಂಡರು. ಸ್ಮಿತ್ ಮಹಾಶಯ ಐದು ವರ್ಷ ತಡ.

ಅದೇ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದಿದ್ದ. ದುರ್ಗಗಳನ್ನು ಬರೆದುಕೊಂಡು ಹೋಗಿ 1794ರಲ್ಲಿ ಲಂಡನ್ನಿನಲ್ಲಿ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಎಂಬ ಪುಸ್ತಕ ತಂದ. ಸಾವನದುರ್ಗ ಅದರಲ್ಲಿದೆ. ಹೆಸರಿನಲ್ಲಿರುವ ‘ಸೆಲೆಕ್ಟ್’ ಎಂಬ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಫಿರಂಗಿ ಎಳೆಯಲೆಂದು ಸೈನ್ಯ ಬಿದಿರುಮೆಳೆ ಕಡಿದು ದಾರಿ ಮಾಡಿತ್ತಾದ್ದರಿಂದ ಮುನ್ನೆಲೆ ಮೊದಲೇ ಸಾಫಾಗಿತ್ತು. ಇವತ್ತು ಅಷ್ಟು ಸಹಾಯಕರನ್ನು ಇಟ್ಟುಕೊಂಡು ಭೂದೃಶ್ಯ ತೆಗೆಯಲು ಯಾರ ಕೈಲೂ ಆಗುವುದಿಲ್ಲ.

ಆ ಕಾಲದ ಇಂಗ್ಲಿಷರಿಗೆ ದೃಶ್ಯದ ವಿಷಯದಲ್ಲಿ ಸಂಕೋಚವೇ ಇರಲಿಲ್ಲ. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ವೈ ನದಿಯ ದಂಡೆಯ ಪಾಳುಮಠವೊಂದನ್ನು ನೋಡಿ, ಇದರ ಗೋಡೆಯ ತುದಿಗಳು ತೀರಾ ಒಪ್ಪವಾಗಿವೆ, ಹದವರಿತು ಸುತ್ತಿಗೆ ಆಡಿಸಿದರೆ ಚಿತ್ರ ಸುಧಾರಿಸುತ್ತದೆ ಎಂದು 1782ರ ಪುಸ್ತಕದಲ್ಲಿ ಬರೆದ. ಸುತ್ತಿಗೆ ಎತ್ತುವ ಧೈರ್ಯ ಯಾರಿಗಿದೆ ಎಂದು ಪಕ್ಕದಲ್ಲೇ ಅನುಮಾನವನ್ನೂ ಪಟ್ಟ. ಅವನು ನಮ್ಮ ಕಡೆ ಬಂದಿದ್ದರೆ ಅನುಮಾನ ಒಂದೇ ದಿನದಲ್ಲಿ ಪರಿಹಾರವಾಗುತ್ತಿತ್ತು. ಅವನ ಕಾಲದ ಪ್ರವಾಸಿಗರು ಇನ್ನೊಂದು ಉಪಕರಣ ಇಟ್ಟುಕೊಂಡಿರುತ್ತಿದ್ದರು, ಅಂಗೈಯಗಲದ ಕಪ್ಪು ಕನ್ನಡಿ. ಬೆಟ್ಟಕ್ಕೆ ಬೆನ್ನು ಹಾಕಿ ನಿಂತು, ಕನ್ನಡಿಯಲ್ಲಿ ಅದು ಅಚ್ಚುಕಟ್ಟಾಗಿ ಮೂಡಿದ್ದನ್ನು ನೋಡಿ ಖುಷಿಪಡುವುದು ಪದ್ಧತಿ. 1769ರಲ್ಲಿ ಕವಿ ಥಾಮಸ್ ಗ್ರೇ ಹೀಗೆ ಕನ್ನಡಿ ಹಿಡಿದುಕೊಂಡು ಹೋಗಿ ಕೆಸರು ದಾರಿಯಲ್ಲಿ ಅಂಗಾತ ಬಿದ್ದು ಬೆರಳ ಗೆಣ್ಣು ತರಚಿಕೊಂಡ. ಕನ್ನಡಿ ಒಡೆಯಲಿಲ್ಲ. ಕನಕಪುರದ ಮೇಕೆದಾಟಿನಲ್ಲಿ ಬಂಡೆಯ ಅಂಚಿಗೆ ಬೆನ್ನು ಮಾಡಿ ಮೊಬೈಲು ಎತ್ತಿ ಹಿಡಿಯುವ ನಮ್ಮ ಹುಡುಗರು ಹೊಸದೇನೋ ಮಾಡುತ್ತಿದ್ದಾರೆಂದು ಬೈಯುವವರಿಗೆ ಇತಿಹಾಸ ಗೊತ್ತಿಲ್ಲ ಎಂದರ್ಥ. ವ್ಯತ್ಯಾಸ ಇಷ್ಟೇ, ಗ್ರೇಯ ಹಿಂದೆ ಕೆಸರಿತ್ತು, ಇವರ ಹಿಂದೆ ಕಾವೇರಿ ಇದೆ.

ಕತ್ತರಿಯ ವಿಷಯದಲ್ಲಿ ಮಾತ್ರ ನಮ್ಮ ಊರು ವಿಶ್ವವಿದ್ಯಾಲಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರು ರಾಮದೇವರ ಬೆಟ್ಟದ ಬುಡದಲ್ಲಿ ‘ಶೋಲೆ’ ಚಿತ್ರೀಕರಣ ಶುರು ಮಾಡಿದರು. ಹೆದ್ದಾರಿಯಿಂದ ಬೆಟ್ಟಕ್ಕೆ ರಸ್ತೆ ಹಾಕಿಸಿದರು, ಕಲಾ ನಿರ್ದೇಶಕ ರಾಮ್ ಯೇಡೇಕರ್ ಅವರಿಂದ ಬೆಟ್ಟದಡಿಯಲ್ಲಿ ಇಡೀ ಒಂದು ಹಳ್ಳಿ ಕಟ್ಟಿಸಿದರು. ಅದಕ್ಕೆ ಸಿಪ್ಪಿನಗರ ಎಂದು ಹೆಸರೇ ಬಂತು. ಸಿನಿಮಾ 70 ಎಂಎಂ. ಆದರೆ 70 ಎಂಎಂ ಕ್ಯಾಮೆರಾ ದುಬಾರಿ. ಹಾಗಾಗಿ 35 ಎಂಎಂನಲ್ಲೇ ತೆಗೆದು ಆಮೇಲೆ ದೊಡ್ಡದು ಮಾಡಿದರು. ಹೆಚ್ಚು ಕಡಿಮೆ ಹಳೇ ಟಿವಿಯ ಆಕಾರದ, ಅಂದರೆ 4ಕ್ಕೆ 3ರ ಚೌಕಟ್ಟು 2.2ಕ್ಕೆ 1ರ ಉದ್ದನೆಯ ಪಟ್ಟಿಯಾಗಬೇಕು. ಅಗಲ ಪೂರ್ತಿ ಇಟ್ಟುಕೊಂಡರೆ ಎತ್ತರದಲ್ಲಿ ನೂರಕ್ಕೆ ಸುಮಾರು 40 ಭಾಗ ಹೋಗುತ್ತದೆ. ಲೆಕ್ಕ ನಾನೇ ಹಾಕಿದ್ದು, ಸ್ಟುಡಿಯೋದ ಬಿಲ್ ಪುಸ್ತಕದ ಹಿಂದೆ ಈಗಲೂ ಇದೆ. ದೇಶವೆಲ್ಲ ಐವತ್ತು ವರ್ಷದಿಂದ ಕಣ್ಣರಳಿಸಿ ನೋಡುತ್ತಿರುವ ರಾಮಗಢದ ಮೇಲೆ ಒಂದಷ್ಟು ರಾಮನಗರದ ಆಕಾಶ, ಕೆಳಗೆ ಒಂದಷ್ಟು ರಾಮನಗರದ ನೆಲ ಹೀಗೆ ಹೋಗಿದೆ. ಕ್ಯಾಮೆರಾ ಹಿಡಿದ ದ್ವಾರಕಾ ದಿವೇಚಾ ಅವರಿಗೆ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದು ಗುಂಡಿ ಒತ್ತುವ ಮುಂಚೆಯೇ ಗೊತ್ತಿರಬೇಕಾಗಿತ್ತು. ಕ್ರಾಪ್ ಎಂದರೆ ಅದು. ಮನೆಗೆ ಹೋಗಿ ಕಾಫಿ ಕುಡಿಯುತ್ತ ಬೆರಳಲ್ಲಿ ಎಳೆದಾಡುವುದು ಬೇರೆ ವಿದ್ಯೆ.

ಅವರದೇ ಇನ್ನೊಂದು ಕೆಲಸ. ಜಯಾ ಬಚ್ಚನ್ ಜಗುಲಿಯಲ್ಲಿ ದೀಪ ಆರಿಸುತ್ತ ಹೋಗುವುದು, ಕೆಳಗೆ ಅಮಿತಾಭ್ ಬಚ್ಚನ್ ಮೌತ್ ಆರ್ಗನ್ ನುಡಿಸುತ್ತ ಕೂತಿರುವುದು ನೆನಪಿರಬೇಕು. ತೆರೆಯ ಮೇಲೆ ಎರಡು ನಿಮಿಷದ ಬಾಬ್ತು, ತೆಗೆಯಲು 20 ದಿನ ಹಿಡಿಯಿತು. ದಿವೇಚಾ ಅವರು ಮುಳುಗು ಹೊತ್ತಿನ ಹೊಂಬೆಳಕಿನಲ್ಲೇ ಆಗಬೇಕೆಂದು ಹಟ ಹಿಡಿದಿದ್ದರು. ನನ್ನ ಬಳಿ ಬರುವ ಟೆಕ್ಕಿ ಮಿತ್ರರು ಹೊಂಬೆಳಕಿಗೆ 20 ನಿಮಿಷ ಕಾಯುತ್ತಾರೆ. ಆಮೇಲೆ ಮೊಬೈಲಿನಲ್ಲಿ ಆಕಾಶಕ್ಕೆ ಕಿತ್ತಳೆ ಬಳಿಯುತ್ತಾರೆ. ಅವರಲ್ಲೊಬ್ಬರು ಬಳಿದ ಬೆಳಕು ಬೆಟ್ಟದ ಉತ್ತರಕ್ಕೆ ಇತ್ತು. ಸೂರ್ಯ ಆ ದಿಕ್ಕಿನಲ್ಲಿ ಮುಳುಗಿದ್ದನ್ನು ನಾನು ಕಂಡವನಲ್ಲ. ಫೋಟೋ ಮಾತ್ರ ಚೆನ್ನಾಗಿತ್ತು, 20x30 ಸೈಜಿಗೆ ಹಾಕಿ ಕೊಟ್ಟೆ.

ಅಂಚಿನಲ್ಲಿ ಕತ್ತರಿಸಿದ್ದಕ್ಕಿಂತ ದೊಡ್ಡ ಕತ್ತರಿ ಚೌಕಟ್ಟಿನ ನಡುವೆಯೇ ಆಡಿತ್ತು. ಕಲ್ಲು ನಮ್ಮದು, ಗಾಳಿ ನಮ್ಮದು, ಊರು ಮಾತ್ರ ಉತ್ತರದ್ದು, ಮಾತು ಹಿಂದಿ. ರಾಮನಗರದಿಂದ ಕನ್ನಡವನ್ನು ಇಷ್ಟು ಸಲೀಸಾಗಿ, ಒಂದು ಗೆರೆಯೂ ಕಾಣದ ಹಾಗೆ ತೆಗೆದದ್ದು ತಾಂತ್ರಿಕವಾಗಿ ಮೆಚ್ಚತಕ್ಕ ಕೆಲಸ. ಡೇವಿಡ್ ಲೀನ್ ಇನ್ನೂ ಮುಂದೆ ಹೋದರು. 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ದ ಗುಹೆಗಳು ಬಿಹಾರದವು. ಅಲ್ಲಿಗೆ ಹೋಗಿ ನೋಡಿದರೆ ಆ ಜಾಗ ಅವರಿಗೆ ಚಪ್ಪಟೆಯಾಗಿ ಕಂಡಿತು. ಬಿಹಾರವನ್ನೇ ಕ್ರಾಪ್ ಮಾಡಿ ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ಬಂದರು. ಇಲ್ಲಿ ಬೇಕಾದ ಆಕಾರದ ಗುಹೆ ಇರಲಿಲ್ಲ. ಬಂಡೆಗೆ ಬಾಯಿ ಕೊರೆಸಿಕೊಂಡರು.

‘ಶೋಲೆ’ಯ ಕೊನೆಗೂ ಕತ್ತರಿ ಬಿದ್ದ ಕಥೆ ಎಲ್ಲರಿಗೂ ಗೊತ್ತು. ಠಾಕೂರ್ ಮೊಳೆ ಹೊಡೆದ ಚಪ್ಪಲಿಯಲ್ಲಿ ಗಬ್ಬರನನ್ನು ತುಳಿದು ಕೊಲ್ಲುವುದು ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರಿಗೆ ಸರಿಬರಲಿಲ್ಲ. ಪೊಲೀಸರು ಬಂದು ಹಿಡಿದುಕೊಂಡು ಹೋಗುವಂತೆ ಬದಲಾಯಿಸಿ 1975ರ ಆಗಸ್ಟ್ 15ಕ್ಕೆ ಬಿಡುಗಡೆ ಮಾಡಿದರು. 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಜೀರ್ಣೋದ್ಧಾರ ಮಾಡಿದ ಪ್ರತಿ ತೋರಿಸಿದಾಗ ಆ ಹಳೇ ಅಂತ್ಯ ವಾಪಸು ಬಂತು. ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನ ಕಟ್ಟುನಿಟ್ಟಿನ ಸೂಚನೆ: ಏನನ್ನಾದರೂ ಕತ್ತರಿಸಿ, ಮೂಲ ಫೈಲನ್ನು ಮಾತ್ರ ಬೇರೆ ಹೆಸರಿನಲ್ಲಿ ಎತ್ತಿಡಿ. ಈ ನಿಯಮವನ್ನು ನಾನು ಒಮ್ಮೆ ಮಾತ್ರ ಮೀರಿದ್ದೇನೆ. ಅದು ಮುಂದೆ ಬರುತ್ತದೆ.

ರಾಮದೇವರ ಬೆಟ್ಟದ ಮೇಲೆ ಈಗ ರಣಹದ್ದಿನ ವನ್ಯಧಾಮ ಇದೆ. ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಸುಮಾರು 346 ಹೆಕ್ಟೇರ್ ಗೊತ್ತುಮಾಡಿದರು. ಬರುವವರು ಹದ್ದು ಎಲ್ಲಿದೆ ಎಂದು ಕೇಳುವುದಿಲ್ಲ, ಗಬ್ಬರ್ ಕೂತ ಬಂಡೆ ಎಲ್ಲಿ ಎನ್ನುತ್ತಾರೆ. ಹದ್ದು ಆಕಾಶದಲ್ಲಿ ಮೂರನೇ ಒಂದರ ಗೆರೆ ಹಿಡಿದೇ ಸುತ್ತುತ್ತಿರುತ್ತದೆ. ಫೋಟೋದಲ್ಲಿ ಚುಕ್ಕೆಯಾಗಿ ಬೀಳುತ್ತದೆ. ಸೆನ್ಸರಿನ ಧೂಳೆಂದು ನಾನೇ ಎಷ್ಟೋ ಸಲ ಒರೆಸಿದ್ದೇನೆ.

ಈಗ ಲಂಬ ಚೌಕಟ್ಟಿನ ಸಮಸ್ಯೆಗೆ ಬರೋಣ. ಕ್ಯಾಮೆರಾ ಕೊಡುವುದು 3ಕ್ಕೆ 2ರ ಚಿತ್ರ. ಸ್ಟೇಟಸ್ಸು, ರೀಲ್ಸು ಬೇಡುವುದು 9ಕ್ಕೆ 16. ಅಡ್ಡ ತೆಗೆದದ್ದನ್ನು ನಿಲ್ಲಿಸಿ ಕತ್ತರಿಸಿದರೆ ನೂರರಲ್ಲಿ 62 ಭಾಗ ಚಿಲ್ಲರೆ ಹೋಗಿ 24 ಮೆಗಾಪಿಕ್ಸೆಲ್ಲಿನಲ್ಲಿ 9 ಉಳಿಯುತ್ತದೆ. ಸಾವನದುರ್ಗದ ವಿಷಯದಲ್ಲಿ ಇದು ಧರ್ಮಸಂಕಟ. ಏಷ್ಯಾದ ಭಾರಿ ಏಕಶಿಲಾ ಬೆಟ್ಟಗಳಲ್ಲೊಂದು, ಸಮುದ್ರಮಟ್ಟದಿಂದ 1,226 ಮೀಟರ್, ಆದರೆ ಎರಡು ಭಾಗ: ಕರಿಗುಡ್ಡ, ಬಿಳಿಗುಡ್ಡ. ಮೊಬೈಲಿನಲ್ಲಿ ಒಂದಕ್ಕೇ ಜಾಗ. ಕರಿಗುಡ್ಡ ಇಟ್ಟುಕೊಂಡರೆ ಬಿಳಿಗುಡ್ಡ ಹೋಯಿತು. ಬಿಳಿಗುಡ್ಡ ಇಟ್ಟುಕೊಂಡರೆ ಕೋಟೆ ಹತ್ತಿದ ಸಾಕ್ಷಿ ಇರುವುದಿಲ್ಲ. ನನ್ನ ಪರಿಹಾರ: ಸೋಮವಾರ ಒಂದು ಸ್ಟೇಟಸ್, ಮಂಗಳವಾರ ಇನ್ನೊಂದು. ರಾಮನಗರದ ಸುತ್ತಿನ ಏಳು ಬೆಟ್ಟಗಳಿಗೂ ಇದೇ ಕ್ರಮದಲ್ಲಿ ವಾರ ಹಂಚಿದ್ದೇನೆ. ಶಿವರಾಮಗಿರಿ, ಸೋಮಗಿರಿ, ಕೃಷ್ಣಗಿರಿ, ಯತಿರಾಜಗಿರಿ, ರೇವಣಸಿದ್ದೇಶ್ವರ, ಸಿಡಿಲಕಲ್ಲು, ಜಲಸಿದ್ದೇಶ್ವರ. ವೈಡ್ ಲೆನ್ಸ್ ಹಾಕಿ ಏಳನ್ನೂ ಒಟ್ಟಿಗೆ ಹಿಡಿಯಲು ಹೋದವರಿಗೆ ಅವು ಸಂತೆಯಲ್ಲಿ ಗುಡ್ಡೆ ಹಾಕಿದ ಆಲೂಗಡ್ಡೆಯಂತೆ ಬಂದಿವೆ.

ನಮ್ಮ ಬೆಟ್ಟಗಳಿಗೆ ಎರಡು ಮಗ್ಗುಲು ಇರುತ್ತವೆ ಎಂಬುದನ್ನು ಹೊರಗಿನವರು ತಿಳಿದಿರಬೇಕು. ಒಂದು ಫೋಟೋ ಮಗ್ಗುಲು, ಇನ್ನೊಂದು ಪರ್ಮಿಟ್ ಮಗ್ಗುಲು. ಫೋಟೋ ಮಗ್ಗುಲಲ್ಲಿ ಪಾಚಿ, ಕತ್ತಾಳೆ, ದೇವರ ಮೆಟ್ಟಿಲು ಇರುತ್ತವೆ. ಪರ್ಮಿಟ್ ಮಗ್ಗುಲಿಗೆ ಹೋದರೆ ಬೆಣ್ಣೆಯನ್ನು ಚಾಕುವಿನಲ್ಲಿ ಇಳಿಸಿದ ಹಾಗೆ ನೆಟ್ಟಗಿನ ಗೋಡೆ, ಅಡಿಯಲ್ಲಿ ಹಸಿರು ನೀರಿನ ಗುಂಡಿ, ಗೋಡೆಯುದ್ದಕ್ಕೂ ಬೈರಿಗೆಯ ಗೀರು. ಕಲ್ಲು ಸಾಮಾನ್ಯದ್ದಲ್ಲ. ಭೂವಿಜ್ಞಾನಿಗಳು ಇದಕ್ಕೆ ನಮ್ಮೂರಿನ ಹಳೇ ಹೆಸರಿನಲ್ಲೇ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಕಾಲ ಮಳೆ ಬಿಸಿಲಿಗೆ ಸವೆದು ಸವೆದು ಬಂದ ಗುಂಡು ಆಕಾರ ಚೌಕಟ್ಟಿನ ಮೂಲೆಗಳಿಗೆ ಹೊಂದುವುದಿಲ್ಲ ಎಂಬುದು ನನ್ನ ಬಹುಕಾಲದ ದೂರು. ಕ್ವಾರಿಯವರು ಅದನ್ನು ಸರಿಪಡಿಸುತ್ತಿದ್ದಾರೆ. ಸೈಜುಗಲ್ಲು, ಚಪ್ಪಡಿ, ಕಲ್ಲುಕೂಚ, ಎಲ್ಲವೂ ಲಂಬಕೋನ. ಮೊಬೈಲಿನ ಕ್ರಾಪಿಗೂ ಇದಕ್ಕೂ ಇರುವ ವ್ಯತ್ಯಾಸ ಹಿಂದಕ್ಕೆ ಒತ್ತುವ ಗುಂಡಿಯದ್ದು. ಮಾಗಡಿ ರಸ್ತೆಯಲ್ಲಿ ನಾನು ವರ್ಷಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ಒಂದು ಗುಡ್ಡವನ್ನು ತೆಗೆಯುತ್ತ ಬಂದಿದ್ದೇನೆ. ಹನ್ನೊಂದು ಫೋಟೋ ಆಗಿವೆ. ಮೊದಲನೆಯದರಲ್ಲಿ ಗುಡ್ಡ ಚೌಕಟ್ಟು ತುಂಬಿತ್ತು. ಕೊನೆಯದರಲ್ಲಿ ನೆಗೆಟಿವ್ ಸ್ಪೇಸ್ ಬಹಳ ಚೆನ್ನಾಗಿ ಬಂದಿದೆ.

ನೀರಿನ ದೃಶ್ಯ ಬಯಸುವವರು ಬಿಡದಿ ಪಕ್ಕದ ಬೈರಮಂಗಲಕ್ಕೆ ಹೋಗಬಹುದು. ಬೆಂಗಳೂರು ಬಳಸಿ ಬಿಟ್ಟ ನೀರು ವೃಷಭಾವತಿಯಲ್ಲಿ ಇಳಿದು ಅಲ್ಲಿಗೆ ಬರುತ್ತದೆ. ನೊರೆ ಏಳುವ ಹೊತ್ತಿಗೆ ಶಟರನ್ನು ಹದಿನೈದು ಸೆಕೆಂಡು ತೆರೆದಿಟ್ಟರೆ ನನ್ನ ಸ್ಟುಡಿಯೋದ ಪರದೆಯಲ್ಲಿರುವ ಹಿಮ ಬರುತ್ತದೆ. ಹಂಸ ಬರುವುದಿಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಿ, ವಾಸನೆ ಹೇಗೂ ಫೋಟೋದಲ್ಲಿ ತಾನಾಗಿ ಕ್ರಾಪ್ ಆಗುತ್ತದೆ.

ಕಣ್ಣನ್ನು ಚಿತ್ರದೊಳಗೆ ಎಳೆದೊಯ್ಯುವ ಗೆರೆಗೆ ಹಿಪ್ಪುನೇರಳೆ ತೋಟದ ಸಾಲು ಚೆನ್ನ. ಸುರುಳಿಗೆ ಚಂದ್ರಿಕೆ. ಈ ಸುರುಳಿಯ ವಿಷಯ ಒಂದು ಮಾತು. ಪ್ರಕೃತಿಯಲ್ಲಿ ಚಿನ್ನದ ಸುರುಳಿ ಅಡಗಿದೆ, ಶಂಖದಲ್ಲಿದೆ, ಸೂರ್ಯಕಾಂತಿಯಲ್ಲಿದೆ ಎಂದು ಬೆಂಗಳೂರಿನ ಮಿತ್ರರು ಫೋಟೋದ ಮೇಲೆ ಗೆರೆ ಎಳೆದು ತೋರಿಸುತ್ತಾರೆ. ರೇಷ್ಮೆ ಹುಳು ಹಣ್ಣಾದ ದಿನ ನಮ್ಮ ಹಳ್ಳಿಗಳಲ್ಲಿ ಮನೆ ಮುಂದೆ ಚಂದ್ರಿಕೆ ಒರಗಿಸಿರುತ್ತಾರೆ. ಆಳೆತ್ತರದ ಬಿದಿರ ತಟ್ಟಿ, ಅದರ ಮೇಲೆ ನಡುವಿನಿಂದ ಅಂಚಿನವರೆಗೆ ಸುತ್ತಿಕೊಂಡು ಹೋದ ಬಿದಿರ ಪಟ್ಟಿ, ಸುತ್ತು ಸುತ್ತಿನ ಸಂದಿನಲ್ಲಿ ಹಳದಿ ಗೂಡು. ಗೂಡು ಬಿಡಿಸುವ ಹೆಂಗಸರ ಕೈ ಹೊರಗಿನಿಂದ ಒಳಕ್ಕೆ ಅದೇ ಸುರುಳಿಯಲ್ಲಿ ಸಾಗುತ್ತದೆ. ಮಿತ್ರರೊಬ್ಬರಿಗೆ ತೋರಿಸಿದೆ. ಅನುಪಾತ ಅಳೆದು ನೋಡಿ, "ಇದು ಗೋಲ್ಡನ್ ಅಲ್ಲ" ಎಂದರು. ಆ ದಿನ ಮಾರುಕಟ್ಟೆಯಲ್ಲಿ ಗೂಡಿನ ರೇಟು ಬಿದ್ದಿತ್ತು. ಮನೆಯವರೂ ಹಾಗೇ ಹೇಳಿದರು.

ಚನ್ನಪಟ್ಟಣದ ವಿಷಯ ಬೇಗ ಮುಗಿಸುತ್ತೇನೆ, ಹೆದ್ದಾರಿಯೂ ಬೇಗ ಮುಗಿಸಿದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸಿನಲ್ಲಿ ಕ್ರಾಪ್ ಮಾಡಿತು. ಹಾಲೆ ಮರದ ಬೊಂಬೆ, ಆಟದ ಕುದುರೆ ನೇತುಹಾಕಿಕೊಂಡು ರಸ್ತೆಬದಿಯಲ್ಲಿ ಕೂತಿದ್ದ ಅಂಗಡಿಗಳು ಮುನ್ನೆಲೆಗೆ ಬಹಳ ಅನುಕೂಲವಾಗಿದ್ದವು. ಈಗ ಕಾರಿನ ಕಿಟಕಿಯಿಂದ ತೆಗೆದ ಯಾವ ಫೋಟೋದಲ್ಲೂ ಅಂಗಡಿ ಅಡ್ಡ ಬರುವುದಿಲ್ಲ. ಸ್ವಚ್ಛವಾದ ಚೌಕಟ್ಟಿಗೆ ಇದೇ ಮಾದರಿ ಎಂದು ಬೊಂಬೆ ಅಂಗಡಿಯ ಪರಿಚಿತರೊಬ್ಬರಿಗೆ ವಿವರಿಸಿದೆ. ಅವರು ಬುಗುರಿಯೊಂದನ್ನು ಕೈಯಲ್ಲಿ ಹಿಡಿದಿದ್ದವರು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದರು.

ಶೀರ್ಷಿಕೆಯೂ ರಚನೆಯ ಭಾಗವೇ. ನಮ್ಮ ಊರಿಗೆ ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಎಂದಿತ್ತು. ಮುಂದೆ ಬ್ಯಾರಿ ಕ್ಲೋಸ್ ಎಂಬ ಕಂಪನಿ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು. ಆಮೇಲೆ ರಾಮನಗರ. 1986ರಲ್ಲಿ ಬೆಂಗಳೂರಿನಿಂದ ಗ್ರಾಮಾಂತರ ಜಿಲ್ಲೆಯನ್ನು ಕತ್ತರಿಸಿದರು, 2007ರಲ್ಲಿ ಗ್ರಾಮಾಂತರದಿಂದ ರಾಮನಗರ ಜಿಲ್ಲೆಯನ್ನು ಕತ್ತರಿಸಿದರು, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಕತ್ತರಿಸಿದ್ದನ್ನು ಮತ್ತೆ ಅಂಟಿಸುವ ತಂತ್ರಕ್ಕೆ ಇಂಥ ಉದಾಹರಣೆ ಬೇರೆಲ್ಲೂ ಸಿಗದು. ನನ್ನಲ್ಲಿರುವ ಒಂದೇ ಬೆಟ್ಟದ ಫೋಟೋವನ್ನು ಎರಡು ಹೆಸರಿನಲ್ಲಿ ಮಾರಿದ್ದೇನೆ. ಬೆಂಗಳೂರು ಎಂದಿರುವ ಪ್ರತಿಗೆ ಇನ್ನೂರು ರೂಪಾಯಿ ಜಾಸ್ತಿ.

ಇಷ್ಟು ತತ್ವ ಆಯಿತು, ಒಂದು ಪ್ರಾತ್ಯಕ್ಷಿಕೆಯಿಂದ ಮುಗಿಸುತ್ತೇನೆ. ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ ರೇವಣಸಿದ್ದೇಶ್ವರ ಬೆಟ್ಟದ ಕಡೆ ಒಂದು ಹೊಲದಲ್ಲಿ ಕ್ಯಾಮೆರಾ ನಿಲ್ಲಿಸಿದ್ದೆ. ಎದುರಿಗೆ ಬೆಟ್ಟ, ಬಲಕ್ಕೆ ಹುಣಸೆಮರ, ಎಡಕ್ಕೆ ಆಗಷ್ಟೇ ಒಟ್ಟಿದ ರಾಗಿ ಮೆದೆ. ಬೆಳಕು ಬರುವ ಹೊತ್ತಿಗೆ ಸರಿಯಾಗಿ ಒಬ್ಬ ಅಜ್ಜಿ ಎರಡು ಮೇಕೆ ಹಿಡಿದುಕೊಂಡು ಮೆದೆಯ ಪಕ್ಕ ಬಂದು ನಿಂತರು. ಕೆಂಪು ಸೀರೆ.

"ಅಜ್ಜಿ, ಒಸಿ ಆ ಕಡೆ ಹೋಗ್ತೀರಾ? ಫೋಟೋಗೆ ಅಡ್ಡ ಬರ್ತೀರ."

"ನಾನೆಲ್ಲಪ್ಪ ಅಡ್ಡ ಬಂದೆ? ನನ್ ಹೊಲದಾಗೆ ನಾನ್ ನಿಂತಿವ್ನಿ. ನೀನೇ ಅಡ್ಡ ಬಂದಿದ್ದೀಯ."

"ಎರಡೇ ನಿಮಿಷ ಅಜ್ಜಿ."

"ತಕ್ಕೋ ಅತ್ಲಾಗೆ, ನಾನೇನ್ ತಿಂದಾಕ್ತೀನಾ ನಿನ್ ಬೆಟ್ಟಾನ?"

ಅವರು ಕದಲಲಿಲ್ಲ. ಬೆಳಕು ಹೋಗುವ ಮುಂಚೆ ಒಂದು ಫೋಟೋ ಸಿಕ್ಕಿತು. ಅಂಗಡಿಗೆ ಬಂದು ಅದನ್ನು ಅಚ್ಚು ಹಾಕಿ, ರಟ್ಟಿನಲ್ಲಿ ಕತ್ತರಿಸಿದ ಎರಡು ಎಲ್ ಆಕಾರದ ಪಟ್ಟಿಗಳನ್ನು ಅದರ ಮೇಲಿಟ್ಟು ಒಳಕ್ಕೂ ಹೊರಕ್ಕೂ ಸರಿಸುತ್ತ ಕೂತೆ. ಈ ಪದ್ಧತಿ ಹಳೆಯದು, ಇದಕ್ಕಿಂತ ಒಳ್ಳೆಯದು ಇಲ್ಲ. ಎಡದಿಂದ ಪಟ್ಟಿ ಸರಿಸಿದೆ, ಮೆದೆ ಹೋಯಿತು. ಇನ್ನಷ್ಟು ಸರಿಸಿದೆ, ಮೇಕೆ ಹೋದವು. ಅಜ್ಜಿಯೂ ಹೋದರು. ಸೆರಗಿನ ತುದಿ ಗಾಳಿಗೆ ಹಾರಿದ್ದು ಮಾತ್ರ ಎಷ್ಟು ಸರಿಸಿದರೂ ಹೋಗಲೊಲ್ಲದು. ಅದನ್ನು ಬಿಡಬೇಕೆಂದರೆ ಬೆಟ್ಟದ ಭುಜ ಹೋಗುತ್ತಿತ್ತು. ಇರಲಿ ಎಂದು ಕಂಪ್ಯೂಟರಿನಲ್ಲಿ ಅಷ್ಟಕ್ಕೇ ಕತ್ತರಿಸಿ ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ನಿಯಮ ಮೀರಿದ್ದು ಇಲ್ಲಿ. ಆ ಫೋಟೋಕ್ಕೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂತು. ಎಡ ಅಂಚಿನಲ್ಲಿ ಒಂದೇ ಒಂದು ಮುತ್ತುಗದ ಹೂವನ್ನು ಇಟ್ಟ ಸಂಯಮವನ್ನು ತೀರ್ಪುಗಾರರು ವಿಶೇಷವಾಗಿ ಮೆಚ್ಚಿಕೊಂಡರು. ಡಿಸೆಂಬರಿನಲ್ಲಿ ಮುತ್ತುಗ ಹೂ ಬಿಡುವುದಿಲ್ಲ ಎಂದು ಅಲ್ಲಿ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೆ. ಹೋದ ತಿಂಗಳು ಅದೇ ಅಜ್ಜಿ ಮೊಮ್ಮಗನ ಜೊತೆ ಬಂದರು. ವೃದ್ಧಾಪ್ಯ ವೇತನದ ಅರ್ಜಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕಿತ್ತು. ಕೂತವರು ಗೋಡೆ ನೋಡಿದರು.

"ಅದು ನಮ್ ಹೊಲದ್ ತಾವ ತೆಗೆದಿದ್ದಲ್ವಾ?"

"ಹೌದಜ್ಜಿ."

"ನಾನೆಲ್ಲೋದೆ?"

ಕ್ರಾಪ್ ಮಾಡಿದ್ದೇನೆ ಎಂದು ತಿಳಿಸಿದೆ.

"ಕ್ರಾಪಾ? ಅದು ತಲೆಗ್ ಹೊಡ್ಸೋದಲ್ವೇನ್ಲಾ?" ಎಂದು ಮೊಮ್ಮಗನನ್ನು ಕೇಳಿದರು. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಜ್ಜಿ ಎದ್ದು ಹೋಗಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಎಡ ಅಂಚಿನ ಮೇಲೆ ಬೆರಳಿಟ್ಟರು. "ಇದು ನನ್ ಸೆರಗು. ಮಗಳು ಗೌರಿ ಹಬ್ಬಕ್ ತಂದಿದ್ದು." ಸ್ವಲ್ಪ ಹೊತ್ತು ಬಿಟ್ಟು, "ಮೇಕೆ ಎರಡೂ ಮಾರುದ್ವಿ. ಅವಾದ್ರೂ ಇದ್ದಿದ್ರೆ ನೋಡ್ಬೋದಿತ್ತು. ಕತ್ರುಸಿದ್ದ ಎಲ್ಲಿಟ್ಟಿದ್ದೀಯ?" ಎಂದರು.

ಕತ್ತರಿಸಿದ್ದನ್ನು ಇಟ್ಟಿರುವುದಿಲ್ಲ ಎಂಬುದನ್ನು ತಾಂತ್ರಿಕವಾಗಿ ವಿವರಿಸಲು ಹೋಗಲಿಲ್ಲ. ಸ್ಟೂಲಿನ ಮೇಲೆ ಕೂರಿಸಿದೆ. ಹಿಂದೆ ಹಂಸದ ಪರದೆ ಇತ್ತು, ಅದರ ಮೇಲೆ ಬಿಳಿ ಬಟ್ಟೆ ಇಳಿಬಿಟ್ಟೆ. ಬೆಟ್ಟ ಹಾಕು ಹಿಂದೆ, ಚೆನ್ನಾಗಿರ್ತದೆ ಎಂದರು. ಆಫೀಸಿನವರು ಬಿಳಿಯದೇ ಕೇಳುತ್ತಾರೆ, ಬೇರೇನೂ ಇರಬಾರದು ಎಂದೆ. ಕಿವಿ ಎರಡೂ ಕಾಣಬೇಕೆಂದು ಸೆರಗು ಹಿಂದಕ್ಕೆ ಸರಿಸಿಕೊಳ್ಳಲು ಹೇಳಿದೆ. ಮೂರೂವರೆ ಸೆಂಟಿಮೀಟರ್ ಅಗಲ, ನಾಲ್ಕೂವರೆ ಎತ್ತರ, ಎಂಟು ಪ್ರತಿ, 80 ರೂಪಾಯಿ. ಕತ್ತರಿ ಹಾಕುವಾಗ ಕೈ ಸ್ವಲ್ಪ ಜಾರಿ ಒಂದರಲ್ಲಿ ಬಲಗಿವಿ ಹೋಯಿತು. ಅದನ್ನು ಪಕ್ಕಕ್ಕಿಟ್ಟು ಏಳಕ್ಕೆ ಲೆಕ್ಕ ಹಿಡಿದು 70 ತೆಗೆದುಕೊಂಡೆ.

ಬಾಗಿಲವರೆಗೆ ಹೋದವರು ವಾಪಸು ಬಂದರು.

"ಆ ಕಿವಿ ಹೋದ್ದೂ ಕೊಡು, ಮನೇಲಿರ್ಲಿ."